ರಿಬ್ಬನ್ ಕಟ್ಟಿದ ಬೆಂಡೆ

ಅಮ್ಮಾ,

ರಾತ್ರಿ ಮೂರು ಗಂಟೆಗೆ ಕಟುಂಕಟುಂ ಶಬ್ದಕ್ಕೆ ಎಚ್ಚರವಾಯಿತು. ಇಲಿಯೆಂದು ಹೆದರಿ ಲೈಟ್ ಹಾಕಿದರೆ, ತೃಷಾ ಹಾಸಿಗೆಯಲ್ಲಿ ಕುಳಿತು ಹಸಿ ಬೆಂಡೆಕಾಯಿ ಜಗಿಯುತ್ತಿದ್ದಾಳೆ! ಯಾವ ತರಕಾರಿ ಕೊಟ್ಟರೂ ಉಗುಳುವವಳು.

"ಎಂತ ಮಗಾ ಅದು?"

"ಅಜ್ಜಿ ಬೆಂಡೆ. ನಂದು."

ನೀನು ಆಸ್ಪತ್ರೆಯಿಂದ ಬರಲೇ ಇಲ್ಲ; ನಿನ್ನ ತಿಥಿ ಮುಗಿದ ಮೇಲೆ ಉದ್ಯಾವರದ ಮನೆಯಲ್ಲಿದ್ದ ನಿನ್ನ ಬೆಂಡೆಬೀಜ ಮಣಿಪಾಲದ ನಮ್ಮ ಹಿತ್ತಿಲಿಗೆ ಬಂತು. ಬೀಜಕ್ಕೆ ಬಿಟ್ಟ ಕಾಯಿಗೆ, ಯಾರೂ ಕೀಳದಂತೆ, ನೀನು ಕೆಂಪು ಬಟ್ಟೆ ಕಟ್ಟುತ್ತಿದ್ದೆ. ನಾನು ಮೊನ್ನೆ ಕೈಗೆ ಸಿಕ್ಕಿದ ತೃಷಾಳ ರಿಬ್ಬನ್ ಕಟ್ಟಿದೆ. ತನ್ನದೇ ಎಂದು ಕಿತ್ತುಕೊಂಡಿದ್ದಾಳೆ! ಬೈಯುವುದು ಹೇಗೆ? ಅವಳು ನುಂಗಿದ ಮೊದಲ ತರಕಾರಿ ನಿನ್ನದು. ಇನ್ನೆಂತ ಬೇಕು ನನಗೆ?

ನಿನ್ನ ಬೀಜ ಬೇರೆ ಉಳಿದಿಲ್ಲ; ಗಿಡದಲ್ಲಿನ್ನು ಒಂದೇ ಎಳೆಕಾಯಿ ಉಂಟು. "ಗಿಡ ಮುಗಿಯಿತು ಮಾರಾಯ್ತಿ, ಬೆಳಿಗ್ಗೆ ಕಿತ್ತು ಹರಿವೆ ಸೊಪ್ಪು ಹಾಕುವ" ಎಂದಿದ್ದಾರೆ ನಿನ್ನ ಅಳಿಯ ಸುಕೇಶ್. ಆ ಕಾಯಿ ಬೀಜಕ್ಕೆ ಬಲಿಯುವಷ್ಟು ಜೀವ ಗಿಡಕ್ಕೆ ಉಂಟಾ? ನೀನು ಹೇಳಿದರೆ ಅವರು ಕೇಳುತ್ತಾರೆ. ಬೆಳಗಾಗುವ ಮೊದಲು ಒಂದು ಫೋನ್ ಮಾಡಮ್ಮಾ.