ರಬ್ಬರ್ ಕೋಟಿನೊಳಗಿನ ಹತ್ತಿ ಅಂಗಿ

ಪ್ರೀತಿಯ ಅಕ್ಕ,

ಲೋಫೋಟೆನ್ ದ್ವೀಪಗಳಿಗೆ ಬಂದು ಸೇರಿದೆ. ಇಲ್ಲಿ ಕಡುಚಳಿ. ಉಣ್ಣೆ ಮೈಗೆ ಚುಚ್ಚುತ್ತದೆಂದು ರಬ್ಬರ್ ಕೋಟಿನೊಳಗೆ ಹತ್ತಿ ಅಂಗಿ ತೊಟ್ಟೇ ನಿನ್ನೆ ಮೀನಿಗೆ ಹೊರಟೆ. ಬಲೆ ಎಳೆಯುವಾಗ ಬಂದ ಬೆವರು ಅಂಗಿಯಲ್ಲೇ ಉಳಿದು, ಚಳಿ ಮೈ ಕೊರೆಯತೊಡಗಿತು. ಕೈ ಮರಗಟ್ಟಿ ಹಗ್ಗ ಜಾರಿತು. ಮೀನಿನ ಸಮೇತ ಬಲೆ ಸಮುದ್ರದ ಪಾಲಾಯಿತು. ದೋಣಿಯ ಯಜಮಾನಿ ರಾಗ್ನಿಲ್ಡ್ ನನ್ನ ಕೋಟು ಬಿಚ್ಚಿ ನೋಡಿದರು.

"ಇದೇನೋ ಮಾರಾಯ, ಮದುವೆ ಮನೆಗೆ ಹೊರಟಿದ್ಯಾ? ಒದ್ದೆ ಹತ್ತಿ ಜೀವ ತೆಗೆಯುತ್ತೆ ಕಣೋ!"

ದೋಣಿಯಲ್ಲಿದ್ದವರೆಲ್ಲ ನಕ್ಕರು. ಯಜಮಾನಿ ಮಾತ್ರ ತಮ್ಮ ಉಣ್ಣೆ ಸ್ವೆಟರನ್ನೇ ಕಳಚಿ ನನಗೆ ತೊಡಿಸಿದರು. ದಡ ಸೇರುವವರೆಗೂ ನಡುಗುತ್ತಲೇ ಚುಕ್ಕಾಣಿ ಹಿಡಿದಿದ್ದರು.

ನನ್ನ ಬೆರಳುಗಳು ಸರಿಹೋಗಿವೆ, ಅಮ್ಮನಿಗೆ ಹೇಳು. ಆದರೆ ರಾಗ್ನಿಲ್ಡ್ ಅವರಿಗೆ ಜ್ವರ ಬಂದಿದೆ. ನೋಡಲು ಹೋದವನು ಬಾಗಿಲು ತಟ್ಟಲು ಮುಖವಿಲ್ಲದೆ ಹಿಂತಿರುಗಿದೆ, ಅಕ್ಕ.

ಅವಸರದಲ್ಲಿ, ನಿನ್ನ ತಮ್ಮ
ಟೋರ್‌ಸ್ಟೈನ್