ಹೊಲಿಗೆ ಯಂತ್ರದ ಮೇಲಿನ ಚೀಟಿ

ಪ್ರೀತಿಯ ಅಮ್ಮನಿಗೆ,

ಫೋನಿನಲ್ಲಿ ಹೇಳಿದರೆ ನೀನು ನಂಬುವುದಿಲ್ಲ, ಅದಕ್ಕೇ ಈ ಕಾಗದ. ತಾಂತ್ರಿಕ ಬರವಣಿಗೆಯಲ್ಲಿ ಎರಡು ಸಲ ಫೇಲಾದ ನಿನ್ನ ಇಂಜಿನಿಯರಿಂಗ್ ಮಗಳು ಈ ಸಲ ಇಡೀ ತರಗತಿಗೇ ಮೊದಲು!

ನಮ್ಮ ಮೇಡಂ ಕೊಡುವ ಪರೀಕ್ಷೆಯೇ ವಿಚಿತ್ರ. ಲ್ಯಾಬಿನ ನೀರಿನ ಪಂಪು ನಡೆಸುವುದು ಹೇಗೆಂದು ನಾವು ಬರೆಯಬೇಕು. ಪಂಪಿನ ಬಗ್ಗೆ ಏನೂ ಗೊತ್ತಿಲ್ಲದ ಕ್ಯಾಂಟೀನಿನ ಅಡುಗೆಯಕ್ಕ ಅದನ್ನು ಓದಿ ನಡೆಸಬೇಕು. ಹೋದ ಸಲ ನಾನು ಎರಡು ಪುಟದ ತುಂಬ ದೊಡ್ಡ ದೊಡ್ಡ ಪದ ತುರುಕಿ, ಪೈಪು ಸಿಕ್ಕಿಸಬೇಕು ಎಂಬುದನ್ನೇ ಬಿಟ್ಟಿದ್ದೆ. ಅಕ್ಕ ನಾನು ಬರೆದಂತೆಯೇ ಸ್ವಿಚ್ ಒತ್ತಿದರು. ಮೇಡಂ ತೊಯ್ದು ತೊಪ್ಪೆಯಾದರು.

ಈ ಸಲ ಪೆನ್ನು ಹಿಡಿದು ಕೂತಾಗ, ಅಪ್ಪ ಮೂರು ಸೂಜಿ ಮುರಿದ ಮೇಲೆ ನೀನು ಹೊಲಿಗೆ ಯಂತ್ರಕ್ಕೆ ಅಂಟಿಸಿದ ಚೀಟಿ ನೆನಪಾಯಿತು. 'ಮೊದಲು ಸೂಜಿ ಮೇಲೆತ್ತಿ. ಆಮೇಲೆ ಬಟ್ಟೆ ಇಡಿ. ಬೆರಳು ದೂರ ಇರಲಿ. ನನ್ನನ್ನು ಕೂಗಬೇಡಿ.' ಪಂಪಿಗೂ ಹಾಗೇ ಬರೆದೆ, ಕೊನೆಯ ಸಾಲನ್ನೂ ಸೇರಿಸಿ. ಅಕ್ಕ ಒಂದೇ ಏಟಿಗೆ ಪಂಪು ನಡೆಸಿ, "ಅಯ್ಯೋ, ಇಷ್ಟೇನಾ!" ಎಂದು ಚಪ್ಪಾಳೆ ತಟ್ಟಿದರು.

"ಹೀಗ್ ಬರೆಯೋದು ಯಾರು ಕಲ್ಸಿದ್ರು ನಿಂಗೆ?" ಎಂದರು ಮೇಡಂ.

"ನಮ್ಮಮ್ಮ. ಟೈಲರು," ಎಂದೆ.

ಆ ಚೀಟಿ ತರಗತಿಯ ಗೋಡೆಗೆ ಬೇಕಂತೆ. ಮೊದಲು ಟೇಪನ್ನು ಮೂಲೆಯಿಂದ ನಿಧಾನವಾಗಿ ಬಿಡಿಸು. ಆಮೇಲೆ ಎರಡು ರಟ್ಟಿನ ನಡುವೆ ಇಟ್ಟು ಕಳಿಸು. ಅಪ್ಪನಿಗೆ ಬೇರೆ ಬರೆದುಕೊಡು. ಅಕ್ಷರ ಸೊಟ್ಟಗಿದೆ ಎಂದು ನನಗೆ ಹೊಸದು ಬರೆದು ಕಳಿಸಬೇಡ. ಎಣ್ಣೆ ಕಲೆಯಿರುವ ಅದೇ ಬೇಕು.

ಇಂತಿ,
ನಿನ್ನ ಶಿಷ್ಯೆ