ಮೂವರಿಗೆ ನಾಲ್ಕು ಪಾಲು ಎಲೆ

ಮಂಗಳವಾರ, ರಾತ್ರಿ ಹತ್ತು.

ಸಂಜೆ ಗಾಂಧಿ ಗಂಜದ ಮಾರುಕಟ್ಟೆಯಿಂದ, ನಮ್ಮ ಮನೆಯವರ ಜೊತೆ ಹಮಾಲಿ ಮಾಡುತ್ತಿದ್ದ ಉಸ್ಮಾನ ಮಿಯಾ ಬಂದು ಇವರ ಚೀಲ ಎತ್ತುವ ಕೊಕ್ಕೆ ಕೊಟ್ಟುಹೋದರು. ಇವರು ತೀರಿಕೊಂಡ ಮೇಲೂ ಹಮಾಲರು ಮಧ್ಯಾಹ್ನ ಇಸ್ಪೀಟು ಆಡುತ್ತಾರೆ. ಮೊದಲು ನಾಲ್ವರಿದ್ದರು, ಈಗ ಮೂವರು.

"ಇವತ್ತ ಮರ್ತು ನಾಲ್ಕು ಮಂದಿಗಿ ಎಲಿ ಹಂಚಿದೆ ರಿ ಭಾಭಿ. 'ಏ ವೈಜಿನಾಥ, ಸೋಲ್ತೀನಂತ ಎಲ್ಲಿ ಅಡಗಿದಿಯೋ, ಲಗೂ ಬಾ' ಅಂತ ಒದರಿಬಿಟ್ಟೆ. ಆಮ್ಯಾಲ ಅವನ ಪಾಲಿನ ಎಲಿ ತಿರುಗಿ ಕಟ್ಟಿನಾಗ ಇಟ್ಟೆ."

ಹೇಳುವಾಗ ಮಿಯಾರ ಕಣ್ಣು ತುಂಬಿತ್ತು. ನನಗೆ ಹೊಟ್ಟೆ ಉರಿಯಿತು. ಅಷ್ಟು ಹೊತ್ತು ಅವರ ಪಾಲಿಗೆ ಇವರು ಬದುಕಿದ್ದರಲ್ಲ! ಅಂಥ ಮರೆವು ನನಗೆ ಒಮ್ಮೆಯೂ ಬಂದಿಲ್ಲ. ರೊಟ್ಟಿ ಹಿಟ್ಟನ್ನೂ ಒಬ್ಬಳಿಗೆ ಸರಿಯಾಗಿಯೇ ಕಲಸುತ್ತೇನೆ.

ಊಟವಾದ ಮೇಲೆ, ನಾವಿಬ್ಬರೂ ಫೋನಿನಲ್ಲಿ ಆಡುತ್ತಿದ್ದ ಲೂಡೊ ತೆರೆದೆ. ಹಸಿರು ಕಾಯಿ ಇವರದು. ಇವರ ಸರದಿ ಬಂದಾಗ ಮೈಮರೆತು ಫೋನನ್ನು ಪಕ್ಕಕ್ಕೆ ಚಾಚುತ್ತೇನೇನೋ ಎಂದು ಕಾದೆ. ಕೈ ಚಾಚಲಿಲ್ಲ. ಇವರ ದಾಳವನ್ನೂ ನಾನೇ ಒತ್ತಿದೆ. ಆರು ಬಿತ್ತು.

ಉಸ್ಮಾನ ಮಿಯಾರಿಂದ ಆ ತಪ್ಪು ಇನ್ನೊಮ್ಮೆ ಆಗಬಾರದು ಎಂದು ನನಗೆ ಅನಿಸಿತು. ದಿನಾ ಆಗಲಿ ಎಂದೂ ಅನಿಸಿತು.

ನಾಳೆಯಿಂದ ಹಲಬರ್ಗಾ ಊರಿನ ಜ್ಞಾನೇಶ್ವರ ಎಂಬ ಹಮಾಲ ಇವರ ಜಾಗದಲ್ಲಿ ನಾಲ್ಕನೆಯವನಾಗಿ ಆಟಕ್ಕೆ ಕೂಡುತ್ತಾನಂತೆ, ಹೋಗುವಾಗ ಮಿಯಾ ಹೇಳಿದರು.